ಒಂಬತ್ತು ಉಮೇದುವಾರರು

ಎಸಿಪಿ ಅಂದ ಕೂಡಲೇ ನಮಗೆ ನೆನಪಾಗುವುದು ಪೊಲೀಸ್ ಇಲಾಖೆ. ನಾನು ಹೇಳಹೊರಟ ಎಸಿಪಿಯೂ ಅಸಿಸ್ಟೆಂಟರ ಪೈಕಿಯೇ. ಕೈಯಲ್ಲಿ ಲಾಠಿಯಿಲ್ಲ, ಹೆಗಲ ಮೇಲೆ ನಕ್ಷತ್ರವಿಲ್ಲ, ಅಷ್ಟೆ. 1996ರ ಕೊನೆಗೆ ಬಂದ ಮೈಕ್ರೋಸಾಫ್ಟ್ ಆಫೀಸ್ 97ರಲ್ಲಿ ಹೆಸರಿನ ಬಾಲಕ್ಕೆ ಎಸಿಟಿ ಎಂದು ಅಂಟಿಸಿಕೊಂಡ ಕೆಲವು ಫೈಲುಗಳಿದ್ದವು. ಅವು ಆಕ್ಟರುಗಳು. ಪರದೆಯ ಮೂಲೆಯಲ್ಲಿ ಪುಟ್ಟ ಚೌಕದೊಳಗೆ ನಿಂತು, ಕಣ್ಣು ಹೊರಳಿಸುತ್ತ, ನಾವು ಏನಾದರೂ ಕೇಳುತ್ತೇವೇನೋ ಎಂದು ಕಾಯುತ್ತಿದ್ದ ಆಫೀಸ್ ಅಸಿಸ್ಟೆಂಟ್ ಎಂಬ ಬೊಂಬೆಗಳ ಹಾವಭಾವವೆಲ್ಲ ಆ ಫೈಲುಗಳಲ್ಲಿತ್ತು. ಎಸಿಪಿ ಎಂಬುದು ಆ ನಟನ ಪ್ರಿವ್ಯೂ ಫೈಲು. ನಟನನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮೊದಲು ಅವನು ಹೇಗಿದ್ದಾನೆಂದು ತೋರಿಸುವುದಷ್ಟೇ ಅದರ ಕಾಯಕ. ತೋರಿಸಿಯಾಯಿತೋ, ಅದರ ಜನ್ಮ ಸಾರ್ಥಕ.

ಸತ್ತುಹೋದ ಇಂಥ ಫೈಲಿನ ಬಗ್ಗೆ ಪ್ರಬಂಧ ಬರೆಯುವಷ್ಟು ಪುರುಸೊತ್ತು ಯಾರಿಗಿದೆ ಎಂದು ಕೇಳಬಹುದು. ನನಗಿದೆ. ಕಾರಣವೂ ಇದೆ. ಆ ಬೊಂಬೆಗಳನ್ನು ಜಗತ್ತೆಲ್ಲ ಬಾಯ್ತುಂಬ ಬೈದಿದೆ. ಕಂಪ್ಯೂಟರಿನ ಇತಿಹಾಸದಲ್ಲಿ ಅವುಗಳಷ್ಟು ಬೈಸಿಕೊಂಡವರು ಕಡಿಮೆ. ಆದರೆ ಬೈಗುಳವೆಲ್ಲ ಅವು ಕೆಲಸಕ್ಕೆ ಸೇರಿದ ಮೇಲಿನದು. ಸೇರುವ ಮೊದಲು, ಬರೀ ಉಮೇದುವಾರರಾಗಿ ಎದುರು ನಿಂತು ಕುಣಿದಾಗ, ಅವನ್ನು ಬೈದವರನ್ನು ನಾನು ಕಂಡಿಲ್ಲ. ಆ ಒಳ್ಳೆಯ ಕಾಲ ಇದ್ದದ್ದು ಪ್ರಿವ್ಯೂ ಫೈಲಿನಲ್ಲಿ.

ಉಮೇದುವಾರರು ಒಟ್ಟು ಒಂಬತ್ತು. ಮೊದಲನೆಯವನು ಕಾಗದ ಸಿಕ್ಕಿಸುವ ತಂತಿಯ ಕ್ಲಿಪ್ಪು. ದಾಖಲೆಯಲ್ಲಿ ಅವನ ಹೆಸರು ಕ್ಲಿಪಿಟ್, ಜಗತ್ತು ಕರೆದದ್ದು ಕ್ಲಿಪ್ಪಿ. ಎರಡನೆಯದು ಡಾಟ್, ನಗುಮುಖದ ಕೆಂಪು ಚೆಂಡು. ಬೇಕಾದ ಆಕಾರಕ್ಕೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಹೋವರ್‌ಬಾಟ್ ಎಂಬ ತೇಲುವ ಯಂತ್ರಮಾನವ. ಜೀನಿಯಸ್ ಎಂಬ ಮುದುಕರು, ಕೂದಲು ಮತ್ತು ಮೀಸೆ ನೋಡಿದರೆ ಐನ್‌ಸ್ಟೈನ್ ಎಂದು ಯಾರೂ ಹೇಳಬೇಕಾಗಿರಲಿಲ್ಲ. ವಿಲ್ ಎಂಬ ಹೆಸರಿನಲ್ಲಿ ಸಾಕ್ಷಾತ್ ಷೇಕ್ಸ್‌ಪಿಯರ್. ಮದರ್ ನೇಚರ್ ಎಂಬ ಭೂಗೋಳ. ಬೆನ್ನಿಗೆ ಮೇಲುಹೊದಿಕೆ ಕಟ್ಟಿಕೊಂಡು ತಾನು ಸೂಪರ್‌ಮ್ಯಾನ್ ವಂಶಸ್ಥ ಎಂದು ನಂಬಿದ್ದ ಪವರ್ ಪಪ್ ಎಂಬ ನಾಯಿಮರಿ. ಸ್ಕ್ರಿಬಲ್ ಎಂಬ ಕಾಗದದ ಬೆಕ್ಕು. ಕೊನೆಗೆ, ಇದೆಲ್ಲ ಮಂಗಾಟ ತಮಗೆ ಬೇಡವೆನ್ನುವ ಗಂಭೀರ ಸ್ವಭಾವದವರಿಗಾಗಿ, ಆಫೀಸಿನದೇ ನಾಲ್ಕು ಬಣ್ಣದ ಲಾಂಛನ. ಆ ಲಾಂಛನವನ್ನು ಆರಿಸಿಕೊಂಡವರ ಜತೆ ನನಗೆ ಸ್ನೇಹ ಕುದುರುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಬೊಂಬೆಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಸಣ್ಣ ಪಟ್ಟಿಯೊಂದು ಬಿಚ್ಚಿಕೊಳ್ಳುತ್ತಿತ್ತು. ಅದರಲ್ಲಿ ಅಸಿಸ್ಟೆಂಟನ್ನು ಆರಿಸಿಕೊಳ್ಳಿ ಎಂಬ ಒಂದು ಸಾಲು. ಅದನ್ನು ಒತ್ತಿದರೆ ಗ್ಯಾಲರಿ. ಗ್ಯಾಲರಿಯಲ್ಲಿ ಒಬ್ಬೊಬ್ಬರೇ ಬಂದು ಮುಖ ತೋರಿಸಿ, ಪಕ್ಕದ ಮಾತಿನ ಗುಳ್ಳೆಯಲ್ಲಿ ತಮ್ಮ ಪರಿಚಯ ಹೇಳಿಕೊಂಡು ನಿಲ್ಲುತ್ತಿದ್ದರು. ಕೆಳಗೆ ಬ್ಯಾಕ್, ನೆಕ್ಸ್ಟ್ ಎಂದು ಎರಡು ಗುಂಡಿ. ನೆಕ್ಸ್ಟ್ ಒತ್ತಿದರೆ ಕ್ಲಿಪ್ಪು ಹೋಗಿ ಚೆಂಡು ಬಂತು, ಚೆಂಡು ಹೋಗಿ ಮುದುಕರು ಬಂದರು. ಸಂಬಳದ ಮಾತಿಲ್ಲ, ಶಿಫಾರಸ್ಸು ಪತ್ರವಿಲ್ಲ, ಬೇಡವೆಂದರೆ ಬೇಜಾರೂ ಇಲ್ಲ. ಆದರೆ ಆಯ್ಕೆ ಮುಗಿಸಿ ಓಕೆ ಒತ್ತಿದಿರೋ, ಕಂಪ್ಯೂಟರು ಆಫೀಸಿನ ಸಿಡಿ ಹಾಕಿ ಎನ್ನುತ್ತಿತ್ತು. ಏಕೆಂದರೆ ಸಾಮಾನ್ಯವಾಗಿ ಆಫೀಸ್ ಹಾಕಿದಾಗ ಹಾರ್ಡ್ ಡಿಸ್ಕಿಗೆ ಮೈ ಸಮೇತ ಇಳಿಯುತ್ತಿದ್ದವನು ಕ್ಲಿಪ್ಪಿ ಒಬ್ಬನೇ. ಉಳಿದವರು ಸಿಡಿಯಲ್ಲೇ ವಾಸ.

ಸಾಗರದ ಕೋರ್ಟಿನ ಹತ್ತಿರ ಒಂದು ಜಾಬ್ ಟೈಪಿಂಗ್ ಅಂಗಡಿಯಲ್ಲಿ ನಾನು ಆಗ ಕೆಲಸಕ್ಕಿದ್ದೆ. ಎರಡು ಟೈಪ್‌ರೈಟರು, ಒಂದು ಕಂಪ್ಯೂಟರು. ಕಂಪ್ಯೂಟರಿನ ಭಾಗಗಳು ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಂದಿದ್ದವು, ಅವನ್ನು ಜೋಡಿಸಿ ಕೊಟ್ಟವನು ಎಲ್ಲ ತಂತ್ರಾಂಶವನ್ನೂ ತುಂಬಿ, ಸಿಡಿಗಳನ್ನು ಮಾತ್ರ ತನ್ನ ಚೀಲಕ್ಕೆ ಹಾಕಿಕೊಂಡು ಹೋಗಿದ್ದ. ಅವನ ಬಳಿಯೂ ಇದ್ದದ್ದು ಒಂದೇ ಸಿಡಿ, ಅದು ಊರಿಂದೂರಿಗೆ ಸುತ್ತುತ್ತಿತ್ತು. ಹಾಗಾಗಿ ನಮ್ಮ ಪಾಲಿಗೆ ಎಂಟು ಜನ ನಟರು ಯಾವತ್ತೂ ಕೆಲಸಕ್ಕೆ ಬರಲಿಲ್ಲ. ಗ್ಯಾಲರಿಯಲ್ಲಿ ಬಂದು ನಿಂತು ಹೋದರು, ಅಷ್ಟೆ. ಇದು ನಮ್ಮ ಅಂಗಡಿಯೊಂದರ ಕತೆಯೆಂದು ನಾನು ನಂಬುವುದಿಲ್ಲ. ಸಿಡಿಯಿಲ್ಲದೆ ಆಫೀಸ್ 97 ಓಡಿಸಿದ ಎಷ್ಟೋ ಮೇಜುಗಳಲ್ಲಿ ಆ ಬೆಕ್ಕು, ಆ ಭೂಗೋಳ, ಆ ಷೇಕ್ಸ್‌ಪಿಯರ್ ಬದುಕಿದ್ದು ಪ್ರಿವ್ಯೂವಿನ ಮಟ್ಟಕ್ಕೆ ಮಾತ್ರ.

ಮಧ್ಯಾಹ್ನ ಕರೆಂಟು ಇದ್ದು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗ್ಯಾಲರಿ ತೆರೆದಿಟ್ಟುಕೊಂಡು ಕೂರುತ್ತಿದ್ದೆ. ಅಫಿಡವಿಟ್ ಮಾಡಿಸಲು ಬಂದ ವಕೀಲರೊಬ್ಬರು ಬೆನ್ನ ಹಿಂದೆ ನಿಂತು ನೋಡಿದರು.

"ಇವ್ರು ಯಾರೋ, ಗಡ್ಡದವ್ರು?"

"ಷೇಕ್ಸ್‌ಪಿಯರ್ ಸಾರ್."

"ಹಾಕು ಮಾರಾಯ ಅವ್ರನ್ನ. ನನ್ನ ಡ್ರಾಫ್ಟು ಸ್ವಲ್ಪ ಸುಧಾರಿಸುತ್ತೇನೋ ನೋಡಣ."

"ಸಿಡಿ ಇಲ್ಲ ಸಾರ್."

"ಷೇಕ್ಸ್‌ಪಿಯರಿಗೂ ಸಿಡಿ ಬೇಕೇನೋ!" ಎಂದು ಅವರು ನಿಜಕ್ಕೂ ನೊಂದುಕೊಂಡರು. ಟೈಪ್‌ರೈಟರಿನ ಮುಂದೆ ಕೂತಿದ್ದ ಹಿರಿಯ ಅಕ್ಕ ಮಾತ್ರ ತಲೆಯೆತ್ತದೆ, "ಆ ತಂತಿಗೇ ಊಟ ಹಾಕಕ್ಕೆ ಆಗ್ತಿಲ್ಲ, ಇನ್ನೊಬ್ರು ಬೇರೆ" ಎಂದಳು. ಅವಳ ಮಾತಿನಲ್ಲಿ ಅರ್ಥವಿತ್ತು. ಕ್ಲಿಪ್ಪಿ ಕಣ್ಣು ಮಿಟುಕಿಸಿದಾಗಲೆಲ್ಲ ನಮ್ಮ ಬಡ ಕಂಪ್ಯೂಟರು ಏದುಸಿರು ಬಿಡುತ್ತಿತ್ತು.

ಇನ್ನು ಕನ್ನಡದ ಪಾಡು. ಆಗಿನ ವರ್ಡ್ ತಂತ್ರಾಂಶಕ್ಕೆ ಕನ್ನಡ ಎಂಬ ಭಾಷೆಯಿದೆ ಎಂದೇ ಗೊತ್ತಿರಲಿಲ್ಲ. 'ಬರಹ' ಬಂದದ್ದು 1998ರಲ್ಲಿ. ಅದಕ್ಕೆ ಮೊದಲೂ ಆಮೇಲೂ ನಾವು ಬಳಸುತ್ತಿದ್ದ ಕನ್ನಡ ಫಾಂಟುಗಳೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಮಾಡಿದವು. ಕಣ್ಣಿಗೆ ಕಾಣುವುದು ಕನ್ನಡ, ಕಂಪ್ಯೂಟರಿನ ಮನಸ್ಸಿನಲ್ಲಿ ಇರುವುದು ತಲೆಬುಡವಿಲ್ಲದ ರೋಮನ್ ಅಕ್ಷರ. ಹಾಗಾಗಿ ಕ್ರಯಪತ್ರದ ಪ್ರತಿಯೊಂದು ಪದದ ಕೆಳಗೂ ವರ್ಡ್ ಕೆಂಪು ಅಲೆಯ ಗೀಟು ಎಳೆಯುತ್ತಿತ್ತು. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಅದರ ಚಾಳಿಯಿಂದ ಒಂದು ಅಕ್ಷರ ಹೋಗಿ ಮತ್ತೊಂದು ಬಂದು ಕೂರುತ್ತಿತ್ತು. ಪಕ್ಷಗಾರನ ಹೆಸರೇ ಬದಲಾಗಿಬಿಡುತ್ತಿತ್ತು. ಹೊಸ ಕಂಪ್ಯೂಟರಿಗೆ ಕೂತವರು ಮೊದಲು ಮಾಡಬೇಕಾದ ಕೆಲಸ ಆ ಚಾಳಿಯನ್ನು ಆಫ್ ಮಾಡುವುದು ಎಂದು ಕನ್ನಡ ಡಿಟಿಪಿ ಮಾಡಿದವರಿಗೆಲ್ಲ ಗೊತ್ತು. ಇಷ್ಟೆಲ್ಲ ಅನಾಹುತ ನಡೆಯುವಾಗ ಸಹಾಯಕ ಕ್ಲಿಪ್ಪಿ ಏನು ಮಾಡುತ್ತಿದ್ದ? ಹುಬ್ಬು ಹಾರಿಸುತ್ತಿದ್ದ. ಇಂಗ್ಲಿಷಿನಲ್ಲಿ 'ಡಿಯರ್' ಎಂದು ಶುರು ಮಾಡಿದರೆ ಸಾಕು, ನೀವು ಕಾಗದ ಬರೆಯುತ್ತಿರುವಂತಿದೆ, ಕೈಜೋಡಿಸಲೇ ಎಂದು ಓಡಿಬರುತ್ತಿದ್ದವನು, 'ತೀರ್ಥರೂಪು' ಎಂದರೂ ಅಲುಗಲಿಲ್ಲ, 'ಮಾನ್ಯರೇ' ಎಂದರೂ ಅಲುಗಲಿಲ್ಲ. ಒಂದರ್ಥದಲ್ಲಿ ನಾವು ಪುಣ್ಯವಂತರು. ಅಮೆರಿಕದವರು ಯಾವುದಕ್ಕೆ ಹಲ್ಲು ಕಡಿದರೋ ಆ ಉಪಟಳ ಕನ್ನಡದಲ್ಲಿ ಬರೆಯುವವರಿಗೆ ಇರಲಿಲ್ಲ. ಕನ್ನಡ ಅಕ್ಷರವನ್ನು ಕನ್ನಡ ಅಕ್ಷರವೆಂದೇ ಗುರುತಿಸುವ ಬುದ್ಧಿ ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನ ಜತೆಗೆ. ಅಷ್ಟರಲ್ಲಿ ಕ್ಲಿಪ್ಪಿಗೆ ಕಡ್ಡಾಯ ರಜೆ ಕೊಟ್ಟಾಗಿತ್ತು.

ಈ ಬೊಂಬೆಗಳ ಮೂಲ ಹುಡುಕಿಕೊಂಡು ಹೋದರೆ ಬಾಬ್ ಎಂಬವನ ಮನೆ ಸಿಗುತ್ತದೆ. ಮೈಕ್ರೋಸಾಫ್ಟ್ ಬಾಬ್ 1995ರ ಮಾರ್ಚಿನಲ್ಲಿ ಮಾರುಕಟ್ಟೆಗೆ ಬಂತು. ಕಂಪ್ಯೂಟರು ತೆರೆದರೆ ಒಂದು ಮನೆ, ಮನೆಯೊಳಗೆ ಕೋಣೆಗಳು, ಮೇಜಿನ ಮೇಲಿನ ಕ್ಯಾಲೆಂಡರು ಮುಟ್ಟಿದರೆ ಕ್ಯಾಲೆಂಡರ್ ತಂತ್ರಾಂಶ, ದಾರಿ ತೋರಿಸಲು ರೋವರ್ ಎಂಬ ಹಳದಿ ನಾಯಿ. ಆಗಿನ ಬಹುಪಾಲು ಮನೆಯ ಕಂಪ್ಯೂಟರುಗಳಲ್ಲಿ 4 ಎಂಬಿ ಮೆಮೊರಿ ಇದ್ದರೆ ಬಾಬ್ ಕೇಳುತ್ತಿದ್ದದ್ದು 8 ಎಂಬಿ. ಪಾಸ್‌ವರ್ಡನ್ನು ಮೂರು ಸಲ ತಪ್ಪಾಗಿ ಕೊಟ್ಟರೆ, ಪಾಪ ಮರೆತಿರಬೇಕು, ಹೊಸದು ಇಟ್ಟುಕೊಳ್ಳಿ ಎನ್ನುವಷ್ಟು ಒಳ್ಳೆಯವನು. ಇಂಥ ಸಜ್ಜನ ಬದುಕಿ ಬಾಳುವುದುಂಟೇ? ಒಂದು ವರ್ಷದೊಳಗೆ ಕಣ್ಣು ಮುಚ್ಚಿದ. ಆದರೂ ಅವನ ಹೆಸರಿನಲ್ಲಿ ಒಂದು ಆಸ್ತಿ ಉಳಿದಿದೆ. ಬಾಬ್ ಇನ್ನೂ ತಯಾರಾಗುತ್ತಿದ್ದಾಗ ಅದರ ನಾಯಿ ಟೈಮ್ಸ್ ನ್ಯೂ ರೋಮನ್ ಅಕ್ಷರಗಳಲ್ಲಿ ಮಾತಾಡುವುದನ್ನು ನೋಡಿ ವಿನ್ಸೆಂಟ್ ಕೊನಾರ್ ಎಂಬ ಅಕ್ಷರ ವಿನ್ಯಾಸಕನಿಗೆ ಸಹಿಸಲಾಗಲಿಲ್ಲ. ನಾಯಿಗೆ ಒಪ್ಪುವ ಅಕ್ಷರ ಬೇಕೆಂದು 1994ರಲ್ಲಿ ಅವನು ರೂಪಿಸಿದ್ದೇ ಕಾಮಿಕ್ ಸಾನ್ಸ್. ಅದು ಬಾಬ್‌ಗೆ ಸಿಗುವಷ್ಟು ಬೇಗ ಸಿದ್ಧವಾಗಲಿಲ್ಲ. ಆಮೇಲೆ ವಿಂಡೋಸಿನ ಜತೆ ಜಗತ್ತಿಗೆಲ್ಲ ಹೋಯಿತು. ನಮ್ಮೂರಿನ ನರ್ಸರಿ ಶಾಲೆಗಳ ಬೋರ್ಡಿನವರೆಗೂ ಬಂತು. ನಾಯಿಯ ಅಕ್ಷರ ಮಕ್ಕಳಿಗೆ ದಕ್ಕಿತು.

ಬಾಬ್‌ನ ಹಿಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರ ವಿಚಾರವಿತ್ತು: ಬೈರನ್ ರೀವ್ಸ್ ಮತ್ತು ಕ್ಲಿಫರ್ಡ್ ನಾಸ್. ಮನುಷ್ಯರು ಕಂಪ್ಯೂಟರನ್ನು ಗೊತ್ತಿದ್ದೋ ಗೊತ್ತಿಲ್ಲದೆಯೋ ಮನುಷ್ಯರಂತೆಯೇ ನಡೆಸಿಕೊಳ್ಳುತ್ತಾರೆ ಎಂಬುದು ಅವರ ವಾದ. ಅವರ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಒಂದು ಕಂಪ್ಯೂಟರಿನ ಜತೆ ಕೆಲಸ ಮಾಡಿದವರನ್ನು, ಹೇಗಿತ್ತು ಎಂದು ಅದೇ ಕಂಪ್ಯೂಟರಿನ ಮೂಲಕ ಕೇಳಿದಾಗ ಅವರು ಹೊಗಳಿದರು. ಪಕ್ಕದ ಇನ್ನೊಂದು ಕಂಪ್ಯೂಟರಿನಿಂದ ಕೇಳಿದಾಗ ಅಷ್ಟು ಹೊಗಳಲಿಲ್ಲ. ಊಟ ಹೇಗಿದೆ ಎಂದು ಬಡಿಸಿದವರೇ ಕೇಳಿದರೆ ಸಾರು ಚೆನ್ನಾಗಿದೆ ಎನ್ನುವ ಮರ್ಯಾದೆ ಯಂತ್ರದ ಮುಂದೆಯೂ ನಮ್ಮನ್ನು ಬಿಡುವುದಿಲ್ಲ. ಇದರಿಂದ ಮೈಕ್ರೋಸಾಫ್ಟ್ ತೆಗೆದ ತೀರ್ಮಾನ: ಹೇಗೂ ಮನುಷ್ಯರಂತೆ ನೋಡುತ್ತಾರಲ್ಲ, ಮುಖವನ್ನೇ ಕೊಟ್ಟುಬಿಡೋಣ. ಮುಖ ಕೊಟ್ಟ ಮೇಲೆ ಜನ ಮನುಷ್ಯರಿಂದ ನಿರೀಕ್ಷಿಸುವ ನಡವಳಿಕೆಯನ್ನೂ ನಿರೀಕ್ಷಿಸುತ್ತಾರೆ ಎಂಬುದು ಹೊಳೆಯಲಿಲ್ಲ. ಕರೆಯದೆ ಮನೆಗೆ ಬರುವವರನ್ನು, ಹೇಳಿದ್ದನ್ನೇ ಹೇಳುವವರನ್ನು, ಬೇಡವೆಂದ ಮೇಲೂ ಕದ ಬಡಿಯುವವರನ್ನು ನಾವು ಮನುಷ್ಯರಲ್ಲೂ ಸಹಿಸುವುದಿಲ್ಲ.

ಕದ ಬಡಿಯುವುದು ಎಂದೆನಲ್ಲ, ಅದು ಅಲಂಕಾರದ ಮಾತಲ್ಲ. ಕ್ಲಿಪ್ಪಿ ಪರದೆಯ ಗಾಜನ್ನು ಒಳಗಿನಿಂದ ಟಕಟಕ ಎಂದು ಬಡಿದು ಕರೆಯುತ್ತಿದ್ದ. ಯಾವಾಗ ಬಡಿಯಬೇಕೆಂಬ ತಿಳಿವಳಿಕೆಯನ್ನು ಅವನಿಗೆ ಕೊಡುವ ಯೋಜನೆ ಇರಲಿಲ್ಲವೆಂದಲ್ಲ. 1993ರಿಂದಲೇ ಮೈಕ್ರೋಸಾಫ್ಟಿನ ಸಂಶೋಧನಾ ವಿಭಾಗದಲ್ಲಿ ಎರಿಕ್ ಹಾರ್ವಿಟ್ಸ್ ಮತ್ತು ಸಂಗಡಿಗರು ಲ್ಯೂಮಿಯೆರ್ ಎಂಬ ಯೋಜನೆ ನಡೆಸುತ್ತಿದ್ದರು. ಬಳಕೆದಾರ ಮೌಸನ್ನು ಎಲ್ಲಿ ಆಡಿಸಿದ, ಎಲ್ಲಿ ತಡವರಿಸಿದ, ಮಾಡಿದ್ದನ್ನು ಎಷ್ಟು ಸಲ ಅಳಿಸಿದ ಎಂಬುದನ್ನೆಲ್ಲ ಗಮನಿಸಿ, ಅವನಿಗೆ ಈಗ ಏನು ಬೇಕಾಗಿರಬಹುದು ಎಂಬ ಸಂಭವನೀಯತೆಯನ್ನು ಲೆಕ್ಕ ಹಾಕುವುದು ಅದರ ಉದ್ದೇಶ. ಮೊದಲಿಗೆ ಅವರು ಮನುಷ್ಯ ಪರಿಣತರನ್ನೇ ಬೇರೆ ಕೋಣೆಯಲ್ಲಿ ಕೂರಿಸಿ, ಎಕ್ಸೆಲ್ ಹೊಸದಾಗಿ ಕಲಿಯುವವರ ಪರದೆಯನ್ನು ಮಾತ್ರ ತೋರಿಸಿ, ಸಲಹೆ ಕಳಿಸಲು ಹೇಳಿದರು. ಪರಿಣತರ ಊಹೆ ತಪ್ಪಾದಾಗ ಬಡಪಾಯಿ ಕಲಿಯುವವರು ಆ ತಪ್ಪು ಸಲಹೆಯನ್ನೇ ವೇದವಾಕ್ಯವೆಂದು ನಂಬಿ ಹಾದಿ ತಪ್ಪಿದರು. ಅಂದರೆ ಮುಖವಿಲ್ಲದ ಸಲಹೆಯೂ ಅಪಾಯಕಾರಿ. ಕೊನೆಗೆ ಆಫೀಸ್ 97ಕ್ಕೆ ಸೇರುವ ಹೊತ್ತಿಗೆ ಆ ವಿದ್ಯೆಯ ಬಹುಭಾಗ ಸೋರಿಹೋಗಿತ್ತು. ಬಳಕೆದಾರನನ್ನು ನೆನಪಿಟ್ಟುಕೊಳ್ಳುವ ಭಾಗ ಬಿಟ್ಟರು; ಸಲಹೆ ನೀಡುವುದಕ್ಕೆ ಬೇರೆಯೇ ಸರಳ ನಿಯಮಗಳನ್ನು ಇಟ್ಟರು. ಹಾಗಾಗಿ ಕ್ಲಿಪ್ಪಿಗೆ ನಿನ್ನೆಯ ನೆನಪಿಲ್ಲ. ಇವರು ದಿನವೂ ಕಾಗದ ಬರೆಯುವವರು, ದಿನವೂ ಸಹಾಯ ಬೇಡ ಎನ್ನುವವರು ಎಂಬುದು ಅವನ ತಲೆಗೆ ಹೋಗುವ ದಾರಿಯೇ ಇರಲಿಲ್ಲ.

ಗ್ಯಾಲರಿಯ ಹಿಂದೆ ಇನ್ನೊಂದು ದೊಡ್ಡ ಗ್ಯಾಲರಿ ಇತ್ತು. ಅಸಿಸ್ಟೆಂಟುಗಳಿಗಾಗಿ ಇನ್ನೂರಕ್ಕೂ ಹೆಚ್ಚು ಪಾತ್ರಗಳನ್ನು ಬರೆಸಿ, ಜನರಿಗೆ ತೋರಿಸಿ, ಅಂಕ ಹಾಕಿಸಿ, ಸೋಸಿದ್ದರು. ಸೋಸುತ್ತ ಸೋಸುತ್ತ ಮೇಲೆ ತೇಲಿದವನು ಕ್ಲಿಪ್ಪಿ. ಅವನನ್ನು ಬರೆದ ಕೆವನ್ ಆಟ್ಟೆಬೆರಿ, ಮೈಕ್ರೋಸಾಫ್ಟಿನ ತವರಾದ ವಾಷಿಂಗ್ಟನ್ ರಾಜ್ಯದವನೇ. ಆಮೇಲೆ ಮಕ್ಕಳ ಚಿತ್ರಪುಸ್ತಕಗಳಿಗೆ ಹೆಸರಾದ. ತಂತಿಯೊಂದಕ್ಕೆ ಎರಡು ಕಣ್ಣು, ಎರಡು ಹುಬ್ಬು, ಅಷ್ಟರಲ್ಲೇ ಸಿಟ್ಟು, ನಾಚಿಕೆ, ಬೇಸರ, ಕುತೂಹಲ ಎಲ್ಲವನ್ನೂ ಹಿಡಿದದ್ದು ಸಣ್ಣ ಕಸುಬಲ್ಲ. ಅದನ್ನು ಅವನು ಬರೆದದ್ದು ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರಿನಲ್ಲಿ ಎಂಬುದು ಈ ಕತೆಯೊಳಗಿನ ಸಿಹಿ. ಸೋಸುವಾಗ ಎಲ್ಲರ ಮಾತಿಗೂ ಒಂದೇ ತೂಕ ಸಿಗಲಿಲ್ಲ. ಪರೀಕ್ಷೆಗೆ ಕೂತ ಹೆಂಗಸರು, ಈ ಪಾತ್ರಗಳು ತಮ್ಮನ್ನು ಕೆಟ್ಟದಾಗಿ ದಿಟ್ಟಿಸುತ್ತವೆ, ಬಹುಪಾಲು ಗಂಡಸರಂತಿವೆ ಎಂದು ಹೇಳಿದ್ದನ್ನೂ, ಕೋಣೆಯಲ್ಲಿದ್ದ ಗಂಡಸರು ಅದನ್ನು ಒಪ್ಪದೇ ಹೋದದ್ದನ್ನೂ ಆ ತಂಡದಲ್ಲಿದ್ದ ರಾಜ್ ಹೋ ಎಂಬ ಮಹಿಳೆ 2015ರ ಒಂದು ಸಾಕ್ಷ್ಯಚಿತ್ರದಲ್ಲಿ ಹೇಳಿದ್ದಾರೆ. ನಮ್ಮಂಗಡಿಯ ಅಕ್ಕನನ್ನು ಯಾರೂ ಅಲ್ಲಿಗೆ ಕರೆದೊಯ್ದಿರಲಿಲ್ಲ. ಅವಳೂ ಮೊದಲ ದಿನವೇ, "ಏನು ಹೀಗ್ ನೋಡ್ತದೆ ಇದು" ಎಂದು ಕ್ಲಿಪ್ಪಿಯ ಮೇಲೆ ಎಕ್ಸೆಲ್ಲಿನ ಕಿಟಕಿ ಎಳೆದಿದ್ದಳು.

ಪ್ರಿವ್ಯೂ ಎಂಬುದಕ್ಕೆ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬೆಳೆದವರಿಗೆ ಬೇರೆ ಪಾಠ ಬೇಕಾಗಿಲ್ಲ. ಯಕ್ಷಗಾನದ ಒಡ್ಡೋಲಗ ನೋಡಿದವರು ನಾವು. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ, ಅದರ ಹಿಂದೆ ವೇಷಧಾರಿ. ಮೊದಲು ಕಿರೀಟದ ತುದಿ, ಆಮೇಲೆ ಒಂದಿಷ್ಟು ಮುಖ, ಮತ್ತೆ ಮರೆ. ತೆರೆ ಸರಿದ ಮೇಲೆ ಕುಣಿತ. ಯುದ್ಧ ಬಂದಿಲ್ಲ, ಹೆಣ್ಣು ಕದ್ದಿಲ್ಲ, ಶಾಪ ಕೊಟ್ಟಿಲ್ಲ. ಕತೆ ಶುರುವಾಗುವುದಕ್ಕೆ ಇನ್ನೂ ಹೊತ್ತಿದೆ. ನಾನು ಇಂಥವನು, ನನ್ನ ನಡೆ ಹೀಗೆ, ನನ್ನ ಗತ್ತು ಹೀಗೆ ಎಂದು ತೋರಿಸುವುದಷ್ಟೇ ಆ ಹೊತ್ತಿನ ಕೆಲಸ. ಒಡ್ಡೋಲಗ ಮುಗಿದ ಮೇಲೆ ಬೀಡಿಗೆ ಎದ್ದುಹೋಗುವ ರಸಿಕರಿದ್ದರು. ಕತೆ ಗೊತ್ತಿದ್ದದ್ದೇ, ವೇಷ ನೋಡಿಯಾಯಿತು ಎಂಬಂತೆ. ಆಫೀಸ್ ಗ್ಯಾಲರಿಯ ಮುಂದೆ ನಾನು ಆ ಜಾತಿಯ ಪ್ರೇಕ್ಷಕ. ಪವರ್ ಪಪ್ ಬಂದು ಮೇಲುಹೊದಿಕೆ ಹಾರಿಸಿ ನಿಂತಾಗ, ಇವನು ನನಗೆ ಮೇಲ್ ಮರ್ಜ್ ಕಲಿಸಲಿ ಎಂಬ ಆಸೆ ನನಗೆ ಎಳ್ಳಷ್ಟೂ ಇರಲಿಲ್ಲ.

ಇದನ್ನು ಬೊಂಬೆ ಮಾಡಿದವರೂ ಒಳಗೊಳಗೇ ಬಲ್ಲವರಾಗಿದ್ದರೇನೋ. ಬಲಗುಂಡಿಯ ಪಟ್ಟಿಯಲ್ಲಿ ಅನಿಮೇಟ್ ಎಂಬ ಇನ್ನೊಂದು ಸಾಲಿತ್ತು, ಮುಂದೆ ಒಂದು ಉದ್ಗಾರ ಚಿಹ್ನೆಯ ಸಮೇತ. ಅದನ್ನು ಒತ್ತಿದರೆ ಕ್ಲಿಪ್ಪಿ ಸುಮ್ಮಸುಮ್ಮನೆ ಏನಾದರೊಂದು ಆಟ ಆಡಿ ತೋರಿಸುತ್ತಿದ್ದ. ಸಹಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ಇಡೀ ಆಫೀಸ್ ತಂತ್ರಾಂಶದ ನೂರಾರು ಆಜ್ಞೆಗಳಲ್ಲಿ ಯಾವ ಪ್ರಯೋಜನವೂ ಇಲ್ಲದ ಆಜ್ಞೆ ಅದೊಂದೇ ಇರಬೇಕು. ನಮ್ಮಂಗಡಿಯಲ್ಲಿ ಅತಿ ಹೆಚ್ಚು ಸವೆದದ್ದೂ ಅದೇ. ವಕೀಲರ ಮಕ್ಕಳು, ಪಹಣಿ ಹಿಡಿದು ಬಂದ ರೈತರು, ಛಾಪಾ ಕಾಗದ ಮಾರುವವರು ಎಲ್ಲರೂ ಇನ್ನೊಂದ್ಸಲ ಒತ್ತು ಎನ್ನುತ್ತಿದ್ದರು.

1997ರಲ್ಲಿ ಮೈಕ್ರೋಸಾಫ್ಟ್ ಏಜೆಂಟ್ ಎಂಬ ಹೊಸ ವ್ಯವಸ್ಥೆ ಬಂತು. ಆಫೀಸಿನ ಹೊರಗೂ, ಯಾವ ತಂತ್ರಾಂಶದಲ್ಲೂ, ವೆಬ್ ಪುಟದಲ್ಲೂ ಕುಣಿಯಬಲ್ಲ ಬೊಂಬೆಗಳು: ಮರ್ಲಿನ್ ಎಂಬ ಮಾಂತ್ರಿಕ, ಜೀನಿ ಎಂಬ ಭೂತ, ರಾಬಿ ಎಂಬ ಯಂತ್ರಮಾನವ, ಪೀಡಿ ಎಂಬ ಹಸಿರು ಗಿಳಿ. ಪೀಡಿ ಎಂಬ ಹೆಸರಿಟ್ಟವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಮುಂದಿನ ಭವಿಷ್ಯ ಅವರ ಬಾಯಲ್ಲಿ ಬಂದಿತ್ತು. ಇವರಿಗೆ ಚೌಕದ ಬಂದೀಖಾನೆಯಿರಲಿಲ್ಲ. ಹಿನ್ನೆಲೆಯಿಲ್ಲದೆ ನೇರವಾಗಿ ಪರದೆಯ ಮೇಲೆಯೇ ನಿಲ್ಲುತ್ತಿದ್ದರು. 256 ಬಣ್ಣಗಳ ಒಂದು ಪಟ್ಟಿ, ಅದರಲ್ಲಿ ಒಂದು ಬಣ್ಣ ಪಾರದರ್ಶಕ. ಚೌಕಟ್ಟು ಉದ್ದಗಲ 128 ಚುಕ್ಕಿ ಇದ್ದರೆ ಒಳ್ಳೆಯದೆಂಬ ಸಲಹೆ. ಮಾತಾಡುವಾಗ ತುಟಿ ಹೊಂದಬೇಕೆಂದು ಬಾಯಿಯ ಏಳು ಬಗೆಯ ಚಿತ್ರಗಳು, ಮುಚ್ಚಿದ್ದರಿಂದ ಹಿಡಿದು ಅಗಲವಾಗಿ ತೆರೆದದ್ದರವರೆಗೆ. ಎಲ್ಲವನ್ನೂ ಒಂದೇ ಗಂಟು ಕಟ್ಟಿದರೆ ಎಸಿಎಸ್ ಫೈಲು. ಆದರೆ ಗಂಟು ಭಾರ. ಆಗ ಮನೆಗೆ ಇಂಟರ್ನೆಟ್ ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ. ಭಾರತದಲ್ಲಿ ವಿಎಸ್‌ಎನ್‌ಎಲ್ ಅದನ್ನು ಜನರಿಗೆ ಕೊಡಲು ಶುರು ಮಾಡಿದ್ದು 1995ರ ಆಗಸ್ಟ್ 15ರಂದು. 28.8 ಕಿಲೋಬಿಟ್ ಮೋಡೆಮಿನಲ್ಲಿ ಒಂದು ಫ್ಲಾಪಿಯಷ್ಟು ಸರಕು ಇಳಿಯಲು, ಎಲ್ಲವೂ ಸರಿಯಿದ್ದರೆ, ಸುಮಾರು 7 ನಿಮಿಷ. ನಡುವೆ ಯಾರಾದರೂ ಫೋನ್ ಎತ್ತಿದರೆ ಮೊದಲಿಂದ ಶುರು. ಅದಕ್ಕೇ ವೆಬ್ಬಿಗಾಗಿ ಬೊಂಬೆಯನ್ನು ಬಿಡಿಸಿದರು. ಎಸಿಎಫ್ ಎಂಬ ಫೈಲಿನಲ್ಲಿ ಬೊಂಬೆಯ ವಿವರ. ಒಂದೊಂದು ಅಭಿನಯಕ್ಕೂ ಒಂದೊಂದು ಎಸಿಎ. ಕೈ ಬೀಸುವ ಫೈಲು ಇಳಿದಿದ್ದರೆ ಕೈ ಬೀಸಬಹುದು. ನಿದ್ದೆಯ ಫೈಲು ಬೇಕಾದರೆ ತರಿಸಿಕೊಳ್ಳಬಹುದು, ಇಲ್ಲವಾದರೆ ಬೊಂಬೆಗೆ ನಿದ್ದೆಯಿಲ್ಲ. ಆಫೀಸಿನ ಮುಂದಿನ ಆವೃತ್ತಿಗಳೂ ಇದೇ ಏಜೆಂಟನ್ನು ಹಿಡಿದವು. ನಟನ ಫೈಲು ಎಸಿಎಸ್ ಆಯಿತು, ಅದರ ಪ್ರಿವ್ಯೂವಿನ ಬಾಲವೂ ಎಸಿಪಿ ಹೋಗಿ ಎಸಿಜಿ ಆಯಿತು. ಷೇಕ್ಸ್‌ಪಿಯರ್, ಪವರ್ ಪಪ್, ಕಾಗದದ ಬೆಕ್ಕು ಕೆಲಸ ಕಳೆದುಕೊಂಡರು. ರಾಕಿ ಎಂಬ ಹೊಸ ನಾಯಿ, ಲಿಂಕ್ಸ್ ಎಂಬ ಹೊಸ ಬೆಕ್ಕು ಬಂದವು. ಜಪಾನಿನವರಿಗೆ ಕೈರು ಎಂಬ ಡಾಲ್ಫಿನ್ ಸಿಕ್ಕಿತು. ಅಲ್ಲಿನವರ ಮಟ್ಟಿಗೆ ಬೈಸಿಕೊಂಡದ್ದು ಕ್ಲಿಪ್ಪಿಗಿಂತ ಅದೇ ಹೆಚ್ಚು.

ಯಾರು ಬೇಕಾದರೂ ಬಳಸಬಹುದು ಎಂದರೆ ಯಾರು ಬೇಕಾದರೂ ಬಳಸುತ್ತಾರೆ. ಪೀಡಿ ಗಿಳಿಯನ್ನು ಮುಂದಿಟ್ಟುಕೊಂಡು ಶುರುವಾದ ಬಾಂಜಿಬಡ್ಡಿ ಎಂಬ ತಂತ್ರಾಂಶ ಆಮೇಲೆ ನೇರಳೆ ಬಣ್ಣದ ಗೊರಿಲ್ಲಾ ಒಂದನ್ನು ತಂದಿತು. ಹಾಡುತ್ತಿತ್ತು, ಜೋಕು ಹೇಳುತ್ತಿತ್ತು, ಮಕ್ಕಳು ಮರುಳಾಗಿ ತಮ್ಮ ಹೆಸರು ವಿಳಾಸ ಎಲ್ಲ ಕೊಟ್ಟರು. ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮಂದಿರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಪ್ರಕರಣದಲ್ಲಿ 2004ರಲ್ಲಿ ಆ ಕಂಪನಿ ಅಮೆರಿಕ ಸರ್ಕಾರಕ್ಕೆ 75,000 ಡಾಲರ್ ದಂಡ ಕಟ್ಟಿತು. ಇಲ್ಲಿ ಪ್ರಿವ್ಯೂವಿಗೂ ನೇಮಕಾತಿಗೂ ನಡುವಿನ ಗೆರೆ ಅಳಿಸಿಹೋಗಿತ್ತು: ಕುಣಿತ ನೋಡೋಣ ಎಂದು ನಾವು ಕರೆದವನು ಮನೆಯ ಬೀಗದ ಕೈ ಹುಡುಕುತ್ತಿದ್ದ.

ಕ್ಲಿಪ್ಪಿಯ ಅಂತ್ಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಕಂಪನಿಯ ಒಳಗಿನವರೇ ಅವನಿಗೆ ಇಟ್ಟಿದ್ದ ಅಡ್ಡಹೆಸರು ಇಲ್ಲಿ ಬರೆಯುವಂಥದ್ದಲ್ಲ. 2001ರ ಆಫೀಸ್ ಎಕ್ಸ್‌ಪಿಯಲ್ಲಿ ಅವನನ್ನು ಮೊದಲಿಂದಲೇ ಆಫ್ ಮಾಡಿಟ್ಟರು, ಮತ್ತು ಈ ಹೊಸ ಆಫೀಸು ಎಷ್ಟು ಸುಲಭವೆಂದರೆ ಕ್ಲಿಪ್ಪಿಗೇ ಕೆಲಸವಿಲ್ಲ ಎಂದು ಅವನನ್ನೇ ಮುಂದಿಟ್ಟು ಜಾಹೀರಾತು ಮಾಡಿದರು. ಕೆಲಸದಿಂದ ತೆಗೆದದ್ದಲ್ಲದೆ ತೆಗೆದ ಸುದ್ದಿಯನ್ನು ಅವನಿಂದಲೇ ಡಂಗುರ ಹೊಡೆಸುವುದು ಕ್ರೌರ್ಯವೆಂದು ನನ್ನ ಅಭಿಪ್ರಾಯ. ಆಫೀಸ್ 2007ರಲ್ಲಿ ಎಲ್ಲ ಅಸಿಸ್ಟೆಂಟರೂ ಹೋದರು. 2009ರ ವಿಂಡೋಸ್ 7ರಲ್ಲಿ ಏಜೆಂಟ್ ವ್ಯವಸ್ಥೆಯೇ ಹೋಯಿತು. ಆಮೇಲೆ, ಸತ್ತವರಿಗೆ ಆಗುವಂತೆ, ಅವನ ಮೇಲೆ ಪ್ರೀತಿ ಉಕ್ಕಿತು. 2021ರಲ್ಲಿ ಮೈಕ್ರೋಸಾಫ್ಟೇ ತನ್ನ ಪೇಪರ್ ಕ್ಲಿಪ್ಪಿನ ಎಮೋಜಿಗೆ ಕ್ಲಿಪ್ಪಿಯ ಮುಖ ಕೊಟ್ಟಿತು. 2025ರಲ್ಲಿ ಕೋಪೈಲಟ್ ಎಂಬ ಅದರ ಹೊಸ ಬುದ್ಧಿವಂತ ಸಹಾಯಕನಿಗೆ ಮೀಕೋ ಎಂಬ ಮುಖ ಬಂದಾಗ, ಅದನ್ನು ಮತ್ತೆ ಮತ್ತೆ ಮುಟ್ಟಿದರೆ ಕ್ಲಿಪ್ಪಿ ಎದ್ದುಬರುವ ಹಾಗೆ ಒಂದು ಕಿತಾಪತಿಯನ್ನೂ ಅಡಗಿಸಿಟ್ಟರು.

ಅವನ ನಿಜವಾದ ಪುನರ್ಜನ್ಮ ಆದದ್ದು ಅದಕ್ಕೂ ಮೊದಲು, 2012ರಲ್ಲಿ, ಕ್ಲಿಪ್ಪಿ ಜೆಎಸ್ ಎಂಬ ಪುಟ್ಟ ಪ್ರೋಗ್ರಾಮಿನಲ್ಲಿ. ಹಳೆಯ ಬೊಂಬೆಗಳ ಚಿತ್ರಗಳನ್ನು ಹೊರತೆಗೆದು ಯಾವ ಬ್ರೌಸರಿನಲ್ಲೂ ಕುಣಿಯುವಂತೆ ಮಾಡಿದ ಪ್ರೋಗ್ರಾಮು ಅದು. ಅದರಲ್ಲಿ ಬೊಂಬೆಯೊಂದರ ಎಲ್ಲ ಭಂಗಿಗಳೂ ಒಂದೇ ದೊಡ್ಡ ಚಿತ್ರದಲ್ಲಿ ಸಾಲಾಗಿ ಕೂತಿವೆ, ಪಕ್ಕದ ಫೈಲಿನಲ್ಲಿ ಅಭಿನಯಗಳ ಹೆಸರು. ಆ ಹೆಸರುಗಳನ್ನು ಓದುವುದೇ ಒಂದು ಸುಖ. ಸೇವ್, ಪ್ರಿಂಟ್, ಸೆಂಡ್‌ಮೇಲ್ ಎಂಬ ದುಡಿಮೆಯ ಅಭಿನಯಗಳು ಕೆಲವೇ. ಉಳಿದಂತೆ ತಲೆ ಕೆರೆಯುವುದು, ಬೆರಳು ಕುಟ್ಟುವುದು, ಹುಬ್ಬು ಏರಿಸುವುದು, ಗೊರಕೆ ಹೊಡೆಯುವುದು, ಹಗ್ಗದ ರಾಶಿಯಂತೆ ಮುದುಡಿ ಬೀಳುವುದು, ಪರಮಾಣುವಿನಂತೆ ಸುತ್ತುವುದು. ಎಲ್ಲವೂ ಐಡಲ್ ಎಂಬ ಶಿರೋನಾಮೆಯ ಕೆಳಗೆ. ಕೆಲಸವಿಲ್ಲದಾಗ ಮಾಡುವ ಕೆಲಸಗಳು. ಈ ಹೊಸ ಅವತಾರದಲ್ಲಿ ಕ್ಲಿಪ್ಪಿ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಕರೆದರೆ ಬರುತ್ತಾನೆ, ಆಡುತ್ತಾನೆ, ಹೋಗುತ್ತಾನೆ. ಪೂರ್ತಿ ಪ್ರಿವ್ಯೂ ಆಗಿಬಿಟ್ಟಿದ್ದಾನೆ.

ಎಸಿಪಿ ಫೈಲೊಂದನ್ನು ಇವತ್ತಿನ ಕಂಪ್ಯೂಟರಿಗೆ ಕೊಟ್ಟು ಎರಡು ಸಲ ಒತ್ತಿದರೆ, ಇದನ್ನು ಯಾವುದರಿಂದ ತೆರೆಯಲಿ ಎಂದು ಅದು ನಮ್ಮನ್ನೇ ಕೇಳುತ್ತದೆ. ಆರಿಸಿಕೊಳ್ಳಲು ಒಂದು ಪಟ್ಟಿಯನ್ನೂ ಕೊಡುತ್ತದೆ. ಕಾಗದದ ಬೆಕ್ಕಾದರೂ ಆ ಪಟ್ಟಿಯಲ್ಲಿ ಇರಬಾರದಿತ್ತೇ?

ಈಗಿನ ಸಹಾಯಕರಿಗೆ ಬಹುಪಾಲು ಮೈಯಿಲ್ಲ, ದನಿ ಮಾತ್ರ. ಮೊನ್ನೆ ಮಗಳು ಹೊಸ ಫೋನು ತಂದು, ಅದರೊಳಗೆ ಮಾತಾಡುವವರ ದನಿ ಆರಿಸಲು ಕೂತಿದ್ದಳು. ಒಂದೊಂದು ಹೆಸರು ಮುಟ್ಟಿದರೆ ಒಂದೊಂದು ದನಿ ಒಂದೇ ವಾಕ್ಯವನ್ನು ಓದಿ ಹೇಳುತ್ತಿತ್ತು. ಗಂಡು ದನಿ, ಹೆಣ್ಣು ದನಿ, ಗಂಟಲು ಸ್ವಲ್ಪ ಕಟ್ಟಿದಂಥದ್ದು, ಈಗಷ್ಟೇ ಕಾಫಿ ಕುಡಿದು ಬಂದಂಥದ್ದು. ನಾನು ಕುರ್ಚಿ ಎಳೆದುಕೊಂಡು ಕೂತೆ.

"ಎಲ್ಲಾ ಒಂದೇ ಥರ ಇದೆ ಅಪ್ಪ, ಯಾವ್ದೋ ಒಂದು ಇಟ್ಕೋತೀನಿ" ಎಂದಳು.

"ಇಟ್ಕೊಳ್ಳೋದು ಆಮೇಲಾಯ್ತು. ಆ ಗಂಟಲು ಕಟ್ಟಿದವರನ್ನ ಇನ್ನೊಂದ್ಸಲ ಒತ್ತು" ಎಂದೆ.